‘ಮೈಸೂರು’ ಯುದ್ಧನೌಕೆಯೂ ಅದರ ಗಂಡಭೇರುಂಡ ಲಾಂಛನವೂ

ನಮ್ಮ ನಾಡಿನ ಅರಸುಮನೆತನಗಳಲ್ಲಿ ಲಾಂಛನವೆಂಬುದು ಬರಿಯ ಅಲಂಕಾರದ ವಸ್ತುವಾಗಿರಲಿಲ್ಲ. ತಾಮ್ರಶಾಸನದ ಮುದ್ರೆಯಲ್ಲಿ, ನಾಣ್ಯದ ಮುಖದ ಮೇಲೆ, ಬಾವುಟದ ಬಟ್ಟೆಯಲ್ಲಿ ಅದು ಮೂಡಿದಾಗ, ‘ಇದಕ್ಕೆ ನಾನು ಹೊಣೆ’ ಎಂದು ಆಳುವವನು ಆಳಲ್ಪಡುವವರಿಗೆ ಕೊಟ್ಟ ಮಾತು ಅದಾಗಿತ್ತು. ಕದಂಬರ ಸಿಂಹ, ಚಾಲುಕ್ಯರ ವರಾಹ ಮೊದಲಾದುವು ಆ ಮನೆತನಗಳೊಡನೆಯೇ ಇತಿಹಾಸದ ಪುಟಗಳಿಗೆ ಸೇರಿಹೋದುವು. ಒಂದು ಲಾಂಛನ ಮಾತ್ರ ತನ್ನನ್ನು ಧರಿಸಿದ ಸಿಂಹಾಸನವು ತೆರವಾದ ಮೇಲೆಯೂ ಬಾಳಿ, ಬೆಟ್ಟಬಯಲುಗಳ ಸೀಮೆಯನ್ನು ಬಿಟ್ಟು ಕಡಲಿಗಿಳಿಯಿತು. ಎರಡು ತಲೆಯ ಹಕ್ಕಿಯಾದ ಗಂಡಭೇರುಂಡವೇ ಅದು. ಭಾರತೀಯ ನೌಕಾಬಲದಲ್ಲಿ ‘ಮೈಸೂರು’ ಎಂಬ ಹೆಸರನ್ನು ಹೊತ್ತ ಎರಡು ಯುದ್ಧನೌಕೆಗಳಿಗೂ ಇದೇ ಲಾಂಛನ. ಎರಡಕ್ಕೂ ‘ನ ಬಿಭೇತಿ ಕದಾಚನ’ ಎಂಬ ಒಂದೇ ಧ್ಯೇಯವಾಕ್ಯ. ಈ ಹಕ್ಕಿಯು ಎಲ್ಲಿಂದ ಬಂದಿತು, ಹಡಗು ಅದನ್ನು ಹೊತ್ತು ಏನು ಮಾಡಿತು, ಹೊತ್ತುದು ತಕ್ಕುದಾಯಿತೆ ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸೋಣ.

೧. ಹಕ್ಕಿಯ ಪೂರ್ವಕಥೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಯಲ್ಲಿರುವ ಬಳ್ಳಿಗಾವೆಯನ್ನು ನೋಡಿದವರಿಗೆ ಅಲ್ಲಿಯ ಎತ್ತರವಾದ ಭೇರುಂಡಸ್ತಂಭವು ನೆನಪಿರದೆ ಇರದು. ಕಲ್ಯಾಣದ ಚಾಲುಕ್ಯರ ಕೆಳಗೆ ಬನವಾಸಿ ನಾಡನ್ನಾಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯರಸನು ಕ್ರಿ. ಶ. ೧೦೪೭ರಲ್ಲಿ ಅದನ್ನು ನಿಲ್ಲಿಸಿದನು. ಮನುಷ್ಯಶರೀರವೂ ಎರಡು ಹಕ್ಕಿತಲೆಗಳೂ ಉಳ್ಳ ಭೇರುಂಡೇಶ್ವರನು ಆ ಕಂಬದ ಒಡೆಯನು. ಆ ಕಾಲದ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಮಾತು ಬರುವುದು. ಅದು ಭೂಮಿಯನ್ನಳೆಯುವ ಕೋಲಿನ ಹೆಸರು. ಹಕ್ಕಿಯು ಬಿರುದಾಗಿರುವುದರ ಜತೆಗೆ ಅಳತೆಯೂ ಆಗಿದ್ದಿತೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ನಮಗೆ ಪ್ರಯೋಜನವುಂಟು.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇದೇ ಹಕ್ಕಿಯು ಇನ್ನೊಂದು ರೀತಿಯಲ್ಲಿ ಕಾಣಸಿಗುವುದು. ಅಲ್ಲಿಯ ಒಂದು ಶಿಲ್ಪದಲ್ಲಿ ಜಿಂಕೆಯನ್ನು ಹಾವು ಹಿಡಿದಿದೆ. ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಇದೆಲ್ಲವನ್ನೂ ಒಬ್ಬ ಋಷಿಯು ಬೆರಗಾಗಿ ನೋಡುತ್ತಿದ್ದಾನೆ. ಬಲಕ್ಕೆ ಮೇಲೊಂದು ಬಲವುಂಟೆಂಬ ಲೋಕದ ಪರಿಯನ್ನು ಇಷ್ಟು ಚಿಕ್ಕ ಕಲ್ಲಿನಲ್ಲಿ ಹೇಳಿದ ಆ ಶಿಲ್ಪಿಯು ಋಷಿಯನ್ನು ಏಕೆ ಸೇರಿಸಿದನೆಂಬುದು ಆಲೋಚನೆಗೆ ಯೋಗ್ಯವಾದ ಸಂಗತಿ.

ವಿಜಯನಗರದ ಅಚ್ಯುತರಾಯನು ತನ್ನ ಚಿನ್ನದ ನಾಣ್ಯಗಳಲ್ಲಿ ಆನೆಗಳನ್ನು ಕಚ್ಚಿ ಹಿಡಿದ ಗಂಡಭೇರುಂಡವನ್ನು ಮೂಡಿಸಿದನು. ಮೈಸೂರಿನ ಒಡೆಯರು ಅದನ್ನು ತಮ್ಮ ರಾಜಲಾಂಛನವನ್ನಾಗಿ ಮಾಡಿಕೊಂಡರು. ಅದರಲ್ಲಿ ಭೇರುಂಡದ ಎರಡು ಮಗ್ಗುಲಿಗೂ ಆನೆಯ ತಲೆಯ ಸಿಂಹರೂಪದ ಶರಭಗಳು ಕಾವಲು ನಿಂತಿವೆ. ಬೇಲೂರಿನಲ್ಲಿ ಬೇಟೆಯಾಗಿದ್ದ ಮೃಗವು ಮೈಸೂರಿನಲ್ಲಿ ಒಡನಾಡಿಯಾಯಿತು! ಮೈಸೂರು ಅರಮನೆಯ ಹೆಬ್ಬಾಗಿಲ ಕಮಾನಿನ ಮೇಲೆ ಈ ಲಾಂಛನವೂ ಅದರ ಸುತ್ತ ‘ನ ಬಿಭೇತಿ ಕದಾಚನ’ ಎಂಬ ಮಾತೂ ಇರುವುವು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಯಲ್ಲಿಯೂ, ಇಂದಿನ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿಯೂ ಇದೇ ಹಕ್ಕಿಯುಂಟು.

೨. ಮೈಸೂರಿಗೂ ಕಡಲಿಗೂ ಇದ್ದ ಸಂಬಂಧ

ಒಳನಾಡಿನ ಸೀಮೆಯಾದ ಮೈಸೂರಿಗೆ ಹಡಗಿನ ನಂಟೆಲ್ಲಿಯದು ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಗೆದ್ದ ಮೇಲೆ ಕರಾವಳಿಯು ಅವನ ಕೈಸೇರಿ, ಮಂಗಳೂರಿನಲ್ಲಿ ಹಡಗುಗಳನ್ನು ಕಟ್ಟಿಸುವ ಉದ್ಯಮವು ನಡೆಯಿತು. ೧೭೮೦ರ ಡಿಸೆಂಬರಿನಲ್ಲಿ ಇಂಗ್ಲಿಷರ ನೌಕಾಧಿಪತಿ ಎಡ್ವರ್ಡ್ ಹ್ಯೂಸನು ಮಂಗಳೂರಿನ ಮುಂದೆ ಬಂದು ಆ ಹಡಗುಗಳನ್ನು ಹಾಳುಮಾಡಿದನು. ಟಿಪ್ಪೂ ಸುಲ್ತಾನನು ತನ್ನ ಕಡೆಯ ವರ್ಷಗಳಲ್ಲಿ ಹೊಸ ನೌಕಾಬಲವೊಂದನ್ನು ಕಟ್ಟುವುದಕ್ಕೆ ವಿಸ್ತಾರವಾದ ಆಜ್ಞೆಗಳನ್ನು ಹೊರಡಿಸಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬೀಳಲು, ಕರಾವಳಿಯು ಕಂಪೆನಿಯ ಪಾಲಾಯಿತು. ಒಡೆಯರಿಗೆ ಮರಳಿ ದೊರೆತ ಮೈಸೂರಿಗೆ ಸಮುದ್ರದ ಒಂದು ಗೇಣೂ ಇರಲಿಲ್ಲ.

ಆ ಸ್ಥಿತಿಯು ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದು, ೧೯೫೬ರ ನವೆಂಬರ್ ೧ರಂದು ಕೊನೆಗೊಂಡಿತು. ಅಂದು ರಚಿತವಾದ ವಿಶಾಲ ಮೈಸೂರು ರಾಜ್ಯಕ್ಕೆ ದಕ್ಷಿಣ ಕನ್ನಡವೂ ಉತ್ತರ ಕನ್ನಡವೂ ಸೇರಿ, ಮೈಸೂರೆಂಬ ಹೆಸರಿಗೆ ಮತ್ತೆ ಕಡಲು ದೊರೆಯಿತು. ಅದಾದ ಹತ್ತೇ ತಿಂಗಳಿಗೆ, ೧೯೫೭ರ ಆಗಸ್ಟ್ ೨೯ರಂದು, ಇಂಗ್ಲೆಂಡಿನಲ್ಲಿ ‘ಮೈಸೂರು’ ಎಂಬ ಕ್ರೂಜರ್ ಹಡಗು ಭಾರತದ ಬಾವುಟವನ್ನೇರಿಸಿತು. ಇದು ಕಾಲದ ಕಾಕತಾಳೀಯವೇ ಇರಬಹುದು. ಆದರೆ ಹೆಸರಿಗೂ ನೀರಿಗೂ ಹೀಗೆ ಒಂದೇ ವರ್ಷದೊಳಗೆ ಕೂಡಿಬಂದುದು ನೆನಪಿಡತಕ್ಕ ವಿಷಯ.

೩. ಹಳೆಯ ಹಡಗು

ಆ ಕ್ರೂಜರು ಹೊಸದಾಗಿರಲಿಲ್ಲ. ಅದರ ಮೊದಲಿನ ಹೆಸರು ‘ನೈಜೀರಿಯಾ’. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪೆನಿಯವರು ಕಟ್ಟಿದ ಈ ಹಡಗು ೧೯೩೯ರ ಜುಲೈ ೧೮ರಂದು ನೀರಿಗಿಳಿದು, ೧೯೪೦ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಬಲವನ್ನು ಸೇರಿತು. ಮೊದಲಲ್ಲಿ ಅದಕ್ಕೆ ಆರಂಗುಲದ ೧೨ ಫಿರಂಗಿಗಳಿದ್ದುವು. ಉತ್ತರ ಸಮುದ್ರಗಳ ಹಿಮದಲ್ಲಿ ಅದು ಬಹುವಾಗಿ ದುಡಿಯಿತು. ೧೯೪೧ರ ಸೆಪ್ಟೆಂಬರಿನಲ್ಲಿ ‘ಅರೋರಾ’ ಎಂಬ ಜತೆಗಾತಿಯೊಡನೆ ಸೇರಿ, ನಾರ್ವೆಯ ಉತ್ತರ ಕರಾವಳಿಯ ಬಳಿ ಜರ್ಮನರ ‘ಬ್ರೆಮ್ಸೆ’ ಎಂಬ ಹಡಗನ್ನು ಮುಳುಗಿಸಿತು.

ಅದರ ಅತ್ಯಂತ ಕಠಿನವಾದ ದಿನವು ಬಂದುದು ೧೯೪೨ರ ಆಗಸ್ಟ್ ೧೨ರಂದು. ಮುತ್ತಿಗೆಗೆ ಸಿಕ್ಕಿ ಹಸಿದಿದ್ದ ಮಾಲ್ಟಾ ದ್ವೀಪಕ್ಕೆ ಆಹಾರವನ್ನೂ ಎಣ್ಣೆಯನ್ನೂ ಒಯ್ಯುತ್ತಿದ್ದ ಹಡಗುಗಳ ಸಾಲಿಗೆ ‘ನೈಜೀರಿಯಾ’ ಕಾವಲಾಗಿತ್ತು. ರಿಯರ್ ಅಡ್ಮಿರಲ್ ಬರೊ ಎಂಬ ಅಧಿಪತಿಯ ಬಾವುಟವು ಅದರ ಮೇಲಿತ್ತು. ಇಟಲಿಯ ‘ಆಕ್ಸುಮ್’ ಎಂಬ ಜಲಾಂತರ್ಗಾಮಿಯು ಒಂದೇ ಬಾರಿಗೆ ಬಿಟ್ಟ ಟಾರ್ಪಿಡೊಗಳು ಮೂರು ಹಡಗುಗಳನ್ನು ತಾಗಿದುವು; ಅವುಗಳಲ್ಲಿ ‘ನೈಜೀರಿಯಾ’ ಒಂದು, ಮಾಲ್ಟಾದ ಪಾಲಿಗೆ ಜೀವದಂತಿದ್ದ ‘ಒಹಾಯೊ’ ಎಂಬ ಎಣ್ಣೆಯ ಹಡಗು ಇನ್ನೊಂದು. ‘ನೈಜೀರಿಯಾ’ದಲ್ಲಿ ೫೨ ಮಂದಿ ನಾವಿಕರು ಮಡಿದರು. ಅಧಿಪತಿಯು ‘ಅಶಾಂಟಿ’ ಎಂಬ ನಾಶಕನೌಕೆಗೆ ದಾಟಿ ಮುಂದುವರಿದನು. ಗಾಯಗೊಂಡ ಹಡಗು ತನ್ನ ಬಲದಿಂದಲೇ ಜಿಬ್ರಾಲ್ಟರಿಗೆ ಹಿಂದಿರುಗಿತು. ‘ಒಹಾಯೊ’ ಮುಳುಗುವ ಸ್ಥಿತಿಯಲ್ಲಿಯೇ ಆಗಸ್ಟ್ ೧೫ರಂದು ಮಾಲ್ಟಾವನ್ನು ಮುಟ್ಟಿತು. ಅಮೆರಿಕದಲ್ಲಿ ದುರಸ್ತಿಯನ್ನು ಹೊಂದಿ, ‘ನೈಜೀರಿಯಾ’ ಬಳಿಕ ನಮ್ಮ ಹಿಂದೂ ಮಹಾಸಾಗರಕ್ಕೇ ಬಂದಿತು. ೧೯೪೪ರ ಜುಲೈಯಲ್ಲಿ ಸುಮಾತ್ರದ ತುದಿಯ ಸಬಾಂಗ್ ಮೇಲೆ ನಡೆದ ದಾಳಿಯಲ್ಲಿ ಅದು ಇದ್ದಿತು.

೧೯೫೪ರಲ್ಲಿ ಭಾರತವು ೩ ಲಕ್ಷ ಪೌಂಡುಗಳಿಗೆ ಇದನ್ನು ಕೊಂಡಿತು. ಬರ್ಕನ್‌ಹೆಡ್ಡಿನಲ್ಲಿ ಮೂರು ವರ್ಷ ಜೀರ್ಣೋದ್ಧಾರವಾಗಿ ‘ಮೈಸೂರು’ ಎಂಬ ಹೆಸರನ್ನು ತಳೆದಾಗ ಅದರಲ್ಲಿ ಆರಂಗುಲದ ಫಿರಂಗಿಗಳು ೯ ಉಳಿದಿದ್ದುವು. ಹೊಸ ಹೆಸರಿನ ಆರಂಭವು ನಿರಾತಂಕವಾಗಿರಲಿಲ್ಲ. ೧೯೫೯ರಲ್ಲಿ ಸಿಂಹಳದ ಬಳಿ ನೌಕಾಭ್ಯಾಸವು ನಡೆಯುತ್ತಿರಲು ‘ಮೈಸೂರು’ ಬ್ರಿಟಿಷರ ‘ಹೋಗ್’ ಎಂಬ ನಾಶಕನೌಕೆಗೆ ಡಿಕ್ಕಿ ಹೊಡೆಯಲು, ಅದರ ಮುಂಭಾಗವು ಜಜ್ಜಿಹೋಯಿತು.

ಕನ್ನಡಿಗರು ವಿಶೇಷವಾಗಿ ತಿಳಿಯಬೇಕಾದುದು ಅಂಜದೀವದ ಪ್ರಸಂಗ. ಕಾರವಾರದ ಕಡಲಂಚಿನಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿರುವ ಈ ಪುಟ್ಟ ದ್ವೀಪದಲ್ಲಿ ಪೋರ್ತುಗೀಸರು ೧೫೦೫ರಷ್ಟು ಹಿಂದೆಯೇ ಕೋಟೆಯನ್ನು ಕಟ್ಟಿದ್ದರು. ೧೯೬೧ರ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೂ, ಬಳಿಕ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು, ಜೀವಹಾನಿಯೂ ಆಯಿತು. ಗೋವೆಯ ವಿಮೋಚನೆಯ ಕಾರ್ಯಾಚರಣೆಯಲ್ಲಿ ಅಂಜದೀವವನ್ನು ಹಿಡಿಯುವ ಕೆಲಸವು ‘ಮೈಸೂರು’ ‘ತ್ರಿಶೂಲ’ ಎಂಬ ಎರಡು ಹಡಗುಗಳಿಗೆ ಬಂದಿತು. ಡಿಸೆಂಬರ್ ೧೮ರ ಬೆಳಗ್ಗೆ ನಾವಿಕರ ತಂಡವು ದೋಣಿಗಳಲ್ಲಿ ದಡಕ್ಕೆ ಹೊರಟಿತು. ದ್ವೀಪದಿಂದ ಬಂದ ಗುಂಡುಗಳಿಗೆ ೭ ಮಂದಿ ನಾವಿಕರು ಬಲಿಯಾದರು. ೧೯ ಮಂದಿಗೆ ಗಾಯಗಳಾದುವು. ಆ ಮೇಲೆ ಹಡಗುಗಳ ಫಿರಂಗಿಗಳು ಮಾತನಾಡಿದುವು. ಮರುದಿನ ಮಧ್ಯಾಹ್ನ ದ್ವೀಪವು ವಶವಾಯಿತು. ಪಟ್ಟಣಗಳಲ್ಲಿ ವಿಜಯೋತ್ಸವಗಳು ನಡೆಯುವಾಗ ಈ ಏಳು ಮಂದಿಯನ್ನು ನೆನೆದವರು ಎಷ್ಟು ಮಂದಿಯೋ! ಮಾಲ್ಟಾದ ಹಾದಿಯಲ್ಲಿ ಮಡಿದ ಐವತ್ತೆರಡು ಮಂದಿಯೂ, ಅಂಜದೀವದಲ್ಲಿ ಮಡಿದ ಏಳು ಮಂದಿಯೂ ಒಂದೇ ಹಡಗಿನ ಚರಿತ್ರೆಗೆ ಸೇರಿದವರು.

೧೯೭೧ರ ಯುದ್ಧದಲ್ಲಿ ‘ಮೈಸೂರು’ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ದಳಾಧಿಪತಿ ರಿಯರ್ ಅಡ್ಮಿರಲ್ ಕುರುವಿಲ್ಲಾ ಅವರ ಬಾವುಟವು ಅದರ ಮೇಲೆ ಹಾರುತ್ತಿತ್ತು. ಕರಾಚಿಯ ಮೇಲೆ ಕ್ಷಿಪಣಿದೋಣಿಗಳು ನಡೆಸಿದ ದಾಳಿಯ ಕೀರ್ತಿಯೂ, ಡಿಸೆಂಬರ್ ೯ರಂದು ‘ಖುಕ್ರಿ’ಯೊಡನೆ ಮುಳುಗಿದ ೧೮ ಅಧಿಕಾರಿಗಳ, ೧೭೬ ನಾವಿಕರ ಶೋಕವೂ ಆ ದಳದ್ದೇ. ವಯಸ್ಸಾದ ‘ಮೈಸೂರು’ ತನ್ನ ಕಡೆಯ ವರ್ಷಗಳಲ್ಲಿ ಎಳೆಯರಿಗೆ ಕಡಲಿನ ಪಾಠ ಹೇಳಿತು. ೧೯೮೫ರ ಆಗಸ್ಟ್ ೨೦ರಂದು ಸೇವೆಯಿಂದ ನಿವೃತ್ತವಾಯಿತು. ಅದು ನೀರಿಗಿಳಿದು ಅಂದಿಗೆ ನಲವತ್ತಾರು ವರ್ಷಗಳಾಗಿದ್ದುವು.

೪. ಹೊಸ ಹಡಗು

ಹಡಗು ಸತ್ತರೂ ಹೆಸರು ಸಾಯಬಾರದೆಂಬುದು ನೌಕಾಬಲದ ಸಂಪ್ರದಾಯ. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಮನೆಗಳ ಪದ್ಧತಿಯಂತೆಯೇ ಇದು. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಮೂರು ದೊಡ್ಡ ನಾಶಕನೌಕೆಗಳನ್ನು ಕಟ್ಟುವ ಯೋಜನೆಯಾದಾಗ, ಮೊದಲನೆಯ ಎರಡಕ್ಕೆ ಹಳೆಯ ಕ್ರೂಜರುಗಳ ಹೆಸರುಗಳೇ ಬಂದುವು. ಮೊದಲನೆಯದು ‘ದೆಹಲಿ’, ಎರಡನೆಯದು ‘ಮೈಸೂರು’, ಮೂರನೆಯದು ‘ಮುಂಬಯಿ’. ಎರಡನೆಯದಕ್ಕೆ ೧೯೯೧ರ ಫೆಬ್ರುವರಿ ೨ರಂದು ಅಡಿಗಟ್ಟು ಹಾಕಲಾಯಿತು. ೧೯೯೩ರ ಜೂನ್ ೪ರಂದು ಅದು ನೀರಿಗಿಳಿಯಿತು. ಆಯುಧಗಳ ಬಹುಭಾಗವು ಬರಬೇಕಾಗಿದ್ದ ಸೋವಿಯತ್ ದೇಶವೇ ಈ ನಡುವೆ ಒಡೆದು ಹೋಯಿತು. ಹಡಗು ಸೇವೆಗೆ ಸೇರಿದುದು ೧೯೯೯ರ ಜೂನ್ ೨ರಂದು, ಕಾರ್ಗಿಲ್ ಬೆಟ್ಟಗಳಲ್ಲಿ ಯುದ್ಧವು ನಡೆಯುತ್ತಿದ್ದ ದಿನಗಳಲ್ಲಿ.

ಭಾರತದಲ್ಲಿ ಅಂದಿನವರೆಗೆ ಕಟ್ಟಲಾದ ಯುದ್ಧನೌಕೆಗಳಲ್ಲಿ ಈ ವರ್ಗದವುಗಳೇ ಅತ್ಯಂತ ದೊಡ್ಡವು: ೧೬೩ ಮೀಟರು ಉದ್ದ, ೧೭ ಮೀಟರು ಅಗಲ, ೬,೦೦೦ ಟನ್ನಿಗೆ ಮೇಲ್ಪಟ್ಟ ಭಾರ. ಉಗಿಯ ಬದಲಾಗಿ ಅನಿಲದಿಂದ ತಿರುಗುವ ಟರ್ಬೈನುಗಳು ಇದನ್ನು ನಡೆಸುವುವು. ಹಳೆಯ ‘ಮೈಸೂರಿ’ನಲ್ಲಿ ಒಂಬತ್ತು ಫಿರಂಗಿಗಳಿದ್ದೆಡೆಯಲ್ಲಿ ಹೊಸದಕ್ಕೆ ೧೦೦ ಮಿಲಿಮೀಟರಿನ ಒಂದೇ ಒಂದು ದೊಡ್ಡ ಫಿರಂಗಿ, ಸೇವೆಗೆ ಸೇರಿದಾಗ ಹಡಗುಗಳನ್ನು ಹೊಡೆಯುವ ೧೬ ಕ್ಷಿಪಣಿಗಳು, ವಿಮಾನಗಳನ್ನು ತಡೆಯುವ ಬೇರೆ ಕ್ಷಿಪಣಿಗಳು, ಟಾರ್ಪಿಡೊಗಳು, ಎರಡು ಹೆಲಿಕಾಪ್ಟರುಗಳಿಗೆ ಎಡೆ ಇದ್ದುವು. ಹೊರರೂಪದಲ್ಲಿ ತಾತನಿಗೂ ಮೊಮ್ಮಗನಿಗೂ ಹೋಲಿಕೆಯೇ ಇಲ್ಲ. ಆದರೆ ಒಂದು ಅಂಕೆಯು ಮಾತ್ರ ಉಳಿಯಿತು. ‘ನೈಜೀರಿಯಾ’ದ ಗುರುತಿನ ಸಂಖ್ಯೆ ೬೦, ಕ್ರೂಜರ್ ‘ಮೈಸೂರಿ’ನದೂ ೬೦, ನಾಶಕನೌಕೆ ‘ಮೈಸೂರಿ’ನದೂ ೬೦.

ಈ ಹಡಗಿನ ಸೇವೆಯಲ್ಲಿ ಎಲ್ಲರ ಕಣ್ಣಿಗೆ ಬಿದ್ದ ದಿನವು ೨೦೦೮ರ ಡಿಸೆಂಬರ್ ೧೩. ಸೊಮಾಲಿಯಾದ ಕಡೆಯ ಕಡಲುಗಳ್ಳರ ಹಾವಳಿಯು ಮಿತಿಮೀರಿದ್ದ ಕಾಲವದು. ‘ಮೈಸೂರು’ ಏಡನ್ ಕೊಲ್ಲಿಯಲ್ಲಿ ಕಾವಲು ಸುತ್ತುತ್ತಿತ್ತು. ‘ಗಿಬೆ’ ಎಂಬ ಇಥಿಯೋಪಿಯಾ ದೇಶದ ಸರಕಿನ ಹಡಗಿನಿಂದ ರಕ್ಷಣೆಗಾಗಿ ಮೊರೆ ಕೇಳಿಬಂದಿತು. ಹೆಲಿಕಾಪ್ಟರೂ ನೌಕಾ ಕಮಾಂಡೊಗಳೂ ಹೊರಟು ಕಳ್ಳರ ದೋಣಿಗಳನ್ನು ಅಡ್ಡಗಟ್ಟಿದರು. ೨೩ ಮಂದಿ ಸೆರೆಯಾದರು. ೧೨ ಮಂದಿ ಸೊಮಾಲಿಯಾದವರು, ೧೧ ಮಂದಿ ಯೆಮನಿನವರು. ಅವರನ್ನು ಬಳಿಕ ಯೆಮನ್ ದೇಶದ ಅಧಿಕಾರಿಗಳ ವಶಕ್ಕೆ ಒಪ್ಪಿಸಲಾಯಿತು. ೨೦೧೧ರಲ್ಲಿ ಲಿಬಿಯಾದಲ್ಲಿ ಅಂತಃಕಲಹವೆದ್ದಾಗ, ಅಲ್ಲಿದ್ದ ಭಾರತೀಯರನ್ನು ಕರೆತರುವ ಕಾರ್ಯಕ್ಕಾಗಿ ‘ಜಲಾಶ್ವ’ ಎಂಬ ನೌಕೆಯ ಜತೆಯಲ್ಲಿ ‘ಮೈಸೂರ’ನ್ನೂ ಕಳುಹಿಸಿದರು.

೫. ಲಾಂಛನದ ಅರ್ಥವಿಚಾರ

ಇನ್ನು ಲಾಂಛನದ ವಿಷಯ. ಹಡಗುಗಳಿಗೆ ನಿಯಮಬದ್ಧವಾದ ಲಾಂಛನಗಳನ್ನು ಕೊಡುವ ಪದ್ಧತಿಯು ಬ್ರಿಟಿಷ್ ನೌಕಾಬಲದಲ್ಲಿ ಒಂದನೆಯ ಮಹಾಯುದ್ಧದ ಕೊನೆಗೆ, ೧೯೧೮ರಲ್ಲಿ, ನೆಲೆಗೊಂಡಿತು. ದೊಡ್ಡ ಯುದ್ಧನೌಕೆಗೆ ದುಂಡಾದ ಚೌಕಟ್ಟು, ಕ್ರೂಜರಿಗೆ ಐದು ಮೂಲೆಯದು, ನಾಶಕನೌಕೆಗೆ ಗುರಾಣಿಯ ಆಕಾರದ್ದು ಎಂದು ಮೊದಲಲ್ಲಿ ಕಟ್ಟಳೆ ಮಾಡಿದ್ದರು. ಭಾರತವು ಈ ಪದ್ಧತಿಯನ್ನು ಉಳಿಸಿಕೊಂಡು ಅದರ ಒಡೆತನವನ್ನು ಬದಲಾಯಿಸಿತು. ೧೯೫೦ರ ಜನವರಿ ೨೬ರಂದು ದೇಶವು ಗಣರಾಜ್ಯವಾಗಲು, ಕಿರೀಟವಿದ್ದ ಎಡೆಗೆ ಅಶೋಕನ ಸಿಂಹಗಳು ಬಂದುವು. ‘ಮೈಸೂರಿ’ನ ಲಾಂಛನದಲ್ಲಿ ಹೀಗೆ ಒಂದು ಅರಸೊತ್ತಿಗೆಯ ಹಕ್ಕಿಯು ಪ್ರಜೆಗಳ ಆಳ್ವಿಕೆಯ ಸೇವೆಗೆ ನಿಂತಿರುವುದು.

ಗಂಡಭೇರುಂಡವು ಸಂಹಾರದ ಪಕ್ಷಿ. ನಾಶಕವೆಂದೇ ಹೆಸರುಳ್ಳ ನೌಕೆಗೆ ಅದಕ್ಕಿಂತ ತಕ್ಕುದು ಯಾವುದು ಎಂದು ಒಬ್ಬರು ಹೇಳಿಯಾರು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ನಾಶಕನೌಕೆಯ ಹುಟ್ಟಿನ ಕಥೆಯೇ ಬೇಲೂರಿನ ಶಿಲ್ಪದಂತಿದೆ. ಭಾರಿಯ ಯುದ್ಧನೌಕೆಗಳನ್ನು ಕೊಲ್ಲುವುದಕ್ಕೆ ಟಾರ್ಪಿಡೊವನ್ನು ಹೊತ್ತ ಸಣ್ಣ ದೋಣಿಗಳು ಹುಟ್ಟಿದುವು. ಆ ದೋಣಿಗಳನ್ನು ಕೊಲ್ಲುವುದಕ್ಕೆ ೧೮೯೩ರಲ್ಲಿ ‘ಹ್ಯಾವಕ್’ ಎಂಬ, ೩೦೦ ಟನ್ನನ್ನೂ ಮುಟ್ಟದ ಮೊದಲ ನಾಶಕನೌಕೆ ಬಂದಿತು. ಜಲಾಂತರ್ಗಾಮಿ ಬಂದಾಗ ಅದನ್ನು ಬೇಟೆಯಾಡುವ ಕೆಲಸವೂ, ವಿಮಾನ ಬಂದಾಗ ಅದನ್ನು ತಡೆಯುವ ಕೆಲಸವೂ ಇದೇ ನೌಕೆಗೆ ಬಂದುವು. ನೂರು ವರ್ಷಗಳಲ್ಲಿ ಅದು ಇಪ್ಪತ್ತು ಪಟ್ಟು ಬೆಳೆಯಿತು. ಅದು ಯಾವುದಕ್ಕೆ ಅಂಜಿ ಕಾವಲಾಗಿ ನಿಂತಿತ್ತೋ ಆ ಭಾರಿಯ ಯುದ್ಧನೌಕೆಗಳು ಇಂದು ಯಾವ ನೌಕಾಬಲದಲ್ಲಿಯೂ ಸೇವೆಯಲ್ಲಿಲ್ಲ. ಈ ಸರಪಣಿಗೆ ಕಡೆಯ ಕೊಂಡಿಯೆಂಬುದಿಲ್ಲ. ಬೇಲೂರಿನ ಋಷಿಯು ಬೆರಗಾದುದು ಇದನ್ನು ಕಂಡೇ ಇರಬೇಕು.

ಆದರೆ ಲಾಂಛನದಲ್ಲಿ ಹಕ್ಕಿಯೊಂದೇ ಇಲ್ಲ, ಮಾತೂ ಇದೆ. ‘ನ ಬಿಭೇತಿ ಕದಾಚನ’ ಎಂದರೆ ‘ಎಂದಿಗೂ ಹೆದರುವುದಿಲ್ಲ’ ಎಂದರ್ಥ. ಇದರ ಮೂಲವು ತೈತ್ತಿರೀಯ ಉಪನಿಷತ್ತಿನ ಬ್ರಹ್ಮಾನಂದವಲ್ಲಿ. ಅಲ್ಲಿ ಹೆದರದವನು ಆಯುಧವುಳ್ಳವನಲ್ಲ. ಮಾತೂ ಮನಸ್ಸೂ ಮುಟ್ಟಲಾರದೆ ಹಿಂದಿರುಗುವ ಬ್ರಹ್ಮಾನಂದವನ್ನು ಅರಿತವನು. ಅಭಯವು ಬೇರೆ, ಭಯಂಕರತೆಯು ಬೇರೆ. ಇತರರನ್ನು ಹೆದರಿಸುವವನು ತಾನು ಹೆದರದವನೆಂದು ಹೇಳುವುದಕ್ಕಾಗದು. ಬಹುಮಟ್ಟಿಗೆ ಅವನೇ ಎಲ್ಲರಿಗಿಂತ ಹೆಚ್ಚು ಹೆದರಿದವನು. ಹಕ್ಕಿಯು ಬಲವನ್ನು ಹೇಳಿದರೆ ಮಾತು ಅದಕ್ಕೆ ಎಲ್ಲೆಯನ್ನು ಕಟ್ಟುವುದು. ಮೈಸೂರಿನ ಲಾಂಛನವನ್ನು ರಚಿಸಿದವರು ಇವೆರಡನ್ನೂ ಒಂದೆಡೆಯಲ್ಲಿಟ್ಟುದು ಆಕಸ್ಮಿಕವಿರಲಾರದು.

ಈಗ ಬಳ್ಳಿಗಾವೆಯ ಗಳೆಯನ್ನು ಕೈಗೆ ತೆಗೆದುಕೊಳ್ಳೋಣ. ಅದರಿಂದ ಅಳೆದು ನೋಡಿದರೆ, ‘ಮೈಸೂರಿ’ನ ಚರಿತ್ರೆಯಲ್ಲಿ ಲಾಂಛನಕ್ಕೆ ತಕ್ಕ ದಿನಗಳು ಯಾವುವು? ಹಸಿದ ದ್ವೀಪಕ್ಕೆ ಅನ್ನವನ್ನೊಯ್ಯುವ ಹಡಗುಗಳಿಗಾಗಿ ತಾನು ಪೆಟ್ಟುತಿಂದ ದಿನ. ಮೀನುಗಾರನ ಹಾದಿಯನ್ನು ಕಂಟಕರಹಿತವಾಗಿಸಿದ ದಿನ. ಪರದೇಶದ ಹಡಗಿನ ಮೊರೆಗೆ ಓಗೊಟ್ಟ ದಿನ. ಮೊದಲನೆಯದು ಬೇರೊಂದು ಹೆಸರಿನಲ್ಲಿ, ಬೇರೊಂದು ಬಾವುಟದ ಕೆಳಗೆ ನಡೆದುದು ನಿಜ. ಆದರೂ ಉಕ್ಕು ಅದೇ, ಅಂಕೆಯೂ ಅದೇ. ಆ ಮೃತರನ್ನು ಪರಕೀಯರೆಂದು ಚರಿತ್ರೆಯಿಂದ ಹೊರಗಿಡುವುದು ಉಚಿತವಲ್ಲ. ಈ ಮೂರರಲ್ಲಿಯೂ ಹಡಗು ದೊಡ್ಡದಾದುದು ಎದುರಾಳಿಯನ್ನು ಹೊಡೆದುದರಿಂದಲ್ಲ, ಇತರರ ಭಯವನ್ನು ತಾನು ಹೊತ್ತುದರಿಂದ.

೬. ಹೆಸರು ಮತ್ತು ನೆನಪು

೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ಕ್ರೂಜರಿನ ಕಾಲದಲ್ಲಿ ರಾಜ್ಯದ ಹೆಸರಾಗಿದ್ದುದು ನಾಶಕನೌಕೆಯ ಕಾಲಕ್ಕೆ ನಗರದ ಹೆಸರಾಗಿ ಉಳಿದಿತ್ತು. ೨೦೧೪ರಲ್ಲಿ ನಗರದ ಇಂಗ್ಲಿಷ್ ಕಾಗುಣಿತವೂ ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾಯಿತು. ಹಡಗಿನ ಕಾಗುಣಿತವು ಬದಲಾಗಲಿಲ್ಲ. ಇನ್ನೊಂದು ಸಂಗತಿಯೂ ಉಂಟು. ೨೦೦೫ರ ಮೇ ೩೧ರಂದು ಕಾರವಾರದಲ್ಲಿ ನೌಕಾಬಲದ ದೊಡ್ಡ ನೆಲೆಯು ಸ್ಥಾಪಿತವಾಗಿ, ಅದಕ್ಕೆ ‘ಕದಂಬ’ ಎಂಬ ಹೆಸರು ಬಂದಿತು. ಬನವಾಸಿಯ ಅರಸರ ಹೆಸರಿನ ನೆಲೆಯು, ಬನವಾಸಿ ನಾಡಿನಲ್ಲಿ ಕಂಬವೇರಿದ ಹಕ್ಕಿಯನ್ನು ಹೊತ್ತ ಹಡಗು, ಅವೆರಡರ ಸಮೀಪದಲ್ಲಿಯೇ ಅಂಜದೀವ! ಕನ್ನಡದ ಚರಿತ್ರೆಯು ಶಾಸನಗಳಲ್ಲಿಯೇ ಮುಗಿಯಿತೆಂದು ಭಾವಿಸುವವರು ಇದನ್ನು ಆಲೋಚಿಸಬೇಕು.

ಕಲ್ಲಿನ ಶಾಸನವನ್ನು ಇಂದಲ್ಲದಿದ್ದರೆ ನಾಳೆ ಓದಬಹುದು, ಅದು ಕಾಯುತ್ತದೆ. ಮನುಷ್ಯರ ನೆನಪು ಹಾಗೆ ಕಾಯುವುದಿಲ್ಲ. ೧೯೬೧ರಲ್ಲಿ ಇಪ್ಪತ್ತು ವರ್ಷದವರಾಗಿ ಕ್ರೂಜರಿನ ಮೇಲೆ ನಿಂತವರಿಗೆ ಈಗ ಎಂಬತ್ತು ಮೀರಿರುವುದು. ಕರಾವಳಿಯಿಂದಲೋ ಒಳನಾಡಿನಿಂದಲೋ ಹೋಗಿ ಈ ಎರಡು ಹಡಗುಗಳಲ್ಲಿ ದುಡಿದ ಕನ್ನಡಿಗರು ಯಾವ ಊರಿನಲ್ಲಿದ್ದರೂ, ಅವರ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವುದು ನಮ್ಮಂಥ ಜಿಲ್ಲಾ ಸಂಘಗಳು ಮಾಡತಕ್ಕ ಕೆಲಸ. ಎಂಜಿನ್ ಕೋಣೆಯ ಕಾವು, ದೋಣಿಯನ್ನಿಳಿಸಿದ ಬೆಳಗು, ಮರಳಿ ಬಾರದ ಜತೆಗಾರನ ಹೆಸರು, ಇವು ಸರ್ಕಾರದ ಕಡತಗಳಲ್ಲಿ ಸಿಕ್ಕುವ ವಸ್ತುಗಳಲ್ಲ. ಸಂಘದ ಸದಸ್ಯರು ತಂತಮ್ಮ ಊರುಗಳಲ್ಲಿ ವಿಚಾರಿಸಿ ಇಂಥ ವೃತ್ತಾಂತಗಳನ್ನು ಸಂಗ್ರಹಿಸಿಕೊಟ್ಟರೆ, ಚಾವುಂಡರಾಯರಸನು ಕಂಬವನ್ನು ನಿಲ್ಲಿಸಿದುದಕ್ಕಿಂತ ಅದು ಕಡಮೆಯ ಕೆಲಸವಾಗದು.